ಹೊಂಗಿರಣ ಲಾಡ್ಜ್ ಬಿಟ್ಟವರು

ಶಹಾಪುರ
೬ ಮಾರ್ಚ್ ೨೦೨೫

ಚಂದ್ರಕಲಾ,

ಕ್ಷೇಮ ಕೇಳಿ ಶುರು ಮಾಡೋವಂಥ ಕಾಗದ ಇದಲ್ಲ. ಹನ್ನೊಂದು ವರ್ಷ ನನ್ನ ಹೊಂಗಿರಣ ಲಾಡ್ಜಿನಾಗ ಕೆಲಸ ಮಾಡಿದಾಕಿ ನೀ. ಇಪ್ಪತ್ತೆರಡು ರೂಮಿನ ಕೀಲಿ ನಿನ್ನ ಸೊಂಟದಾಗ ಇದ್ದವು. ಗುಡಿಸೋರು, ಒರೆಸೋರು, ಚಾದರ ಬದಲಿ ಮಾಡೋರು, ಎಲ್ಲಾರೂ ನಿನ್ನ ಕೈಕೆಳಗ. ಸೋಮವಾರ ಮುಂಜಾನೆ ಆ ಕೀಲಿಗೊಂಚಲು ತಗದು ಕೌಂಟರಿನ ಗಯಾಸನ ಮುಂದ ಇಟ್ಟು ನಡದುಬಿಟ್ಟಿ. ನಾ ಮ್ಯಾಲ ಮನಿಯಾಗ ಪೂಜಾ ಮಾಡಾಕತ್ತಿದ್ದೆ. ಕೆಳಗ ಇಳದು ಬರೋದ್ರಾಗ ನೀ ಸುರಪುರದ ಬಸ್ಸು ಹತ್ತಿ ಆಗಿತ್ತು.

ಫೋನ್ ಮಾಡಿದ್ರ ಎತ್ತವಲ್ಲಿ. ರಂಗಂಪೇಟ್ಯಾಗ ತಂಗಿ ಮನಿಯಾಗ ಇದ್ದಿ ಅಂತ ಗಯಾಸ ಹೇಳಿದ. ಅದಕ್ಕ ಈ ಕಾಗದ.

ನಿನ್ನ ಹಿಡದು ಒಂದು ವರ್ಷದಾಗ ಹದಿನಾಲ್ಕು ಮಂದಿ ಬಿಟ್ಟು ಹೋಗ್ಯಾರ. ಒಬ್ಬಾಕಿಗೆ ಮಗಳ ಬಾಣಂತನ, ಒಬ್ಬಾಕಿಗೆ ಅತ್ತಿ ಕಾಲು ಮುರದದ, ಮತ್ತೊಬ್ಬಾಕಿ ಗಂಡನ ಜೋಡಿ ಪುಣೆಕ್ಕ ದುಡ್ಯಾಕ ಹೊಂಟ್ಲು. ಬಾಲಮ್ಮ ಮೊಮ್ಮಗನ ಜವಳ ಅಂತ ಸಂಕ್ರಾಂತಿ ಮುಂದ ಹೋದಾಕಿ ಮತ್ತ ಮಕ ತೋರಸಲಿಲ್ಲ. ಹೊಸಬರಿಗೆ ಚಾದರ ಮಡಚೋದು ಕಲಿಸಿ ಮುಗಿಯೋದ್ರಾಗ ಅವರೂ ಹೋಗಿರ್ತಾರ. ಕಲಿಸೋದ ನನ್ನ ಕಸುಬು ಆಗ್ಯದ.

ನನ್ನ ಮೈದುನ ಪಂಪಣ್ಣ ದಿನಾ ಬಂದು ಒಂದ ಮಾತು ಹೇಳ್ತಾನ. "ವೈನಿ, ಹೆಣ್ಣ ಹೆಂಗಸು ಲಾಡ್ಜ್ ನಡಸೋದು ಆಗೋ ಮಾತಲ್ಲ. ಮಾರಿಬಿಡ್ರಿ." ಯಜಮಾನ್ರು ತೀರಿಕೊಂಡು ಎಂಟು ವರ್ಷ ಆತು. ಎಂಟೂ ವರ್ಷ ಅವನಿಗೆ ಒಲ್ಲೆ ಅಂತನ ಹೇಳೀನಿ. ನೀ ಹೋದದ್ದು ಅವನಿಗೆ ಹಬ್ಬ ಆಗ್ಯದ. ಅವನಿಗೆ ಹಬ್ಬ ಆಗೋದು ನನಗ ಸೇರಂಗಿಲ್ಲ.

ಯುಗಾದಿ ಒಳಗ ಬಂದು ಕೆಲಸಕ್ಕ ನಿಂದರು. ನಿನ್ನ ಆಧಾರ್ ಕಾರ್ಡು, ರೇಷನ್ ಕಾರ್ಡು ಇನ್ನೂ ನನ್ನ ಕಪಾಟಿನಾಗ ಅವ ಅನ್ನೋದು ಮರೀಬ್ಯಾಡ.

ಕಸ್ತೂರಿ


ರಂಗಂಪೇಟೆ
೧೩ ಮಾರ್ಚ್ ೨೦೨೫

ಕಸ್ತೂರಿ ಅಕ್ಕಾರಿಗೆ,

ನಿಮ್ಮ ಕಾಗದ ಮುಟ್ಟಿತು. ಫೋನ್ ಯಾಕ ಎತ್ತಲಿಲ್ಲ ಅಂದ್ರ, ಫೋನಿನಾಗ ನೀವು ನನಗ ಮಾತು ಮುಗಸಾಕ ಬಿಡಂಗಿಲ್ರಿ. ನಾ ಒಂದು ಹೇಳೋದ್ರಾಗ ನೀವು ಹತ್ತು ಹೇಳಿ ಇಟ್ಟುಬಿಡ್ತೀರಿ. ಕಾಗದದಾಗ ಹಂಗ ನಡುವ ಬಾಯಿ ಹಾಕಾಕ ಬರಂಗಿಲ್ಲ. ನಾ ಏಳನೇತ್ತ ತನಕ ಸಾಲಿ ಕಲ್ತಾಕಿ, ಅಕ್ಷರ ಸೊಟ್ಟ ಅವ. ಆದ್ರ ಕೊನಿ ತನಕ ನೀವು ಓದಬೇಕಾಗ್ತದ. ಇನ್ನ ಮ್ಯಾಲ ಏನಿದ್ರೂ ಕಾಗದದಾಗನ ಬರೀರಿ.

ನಾ ಬರಂಗಿಲ್ಲ. ಯುಗಾದಿಗೂ ಇಲ್ಲ, ದೀಪಾವಳಿಗೂ ಇಲ್ಲ.

ಇಲ್ಲಿ ಕಲ್ಯಾಣಮ್ಮನ ಖಾನಾವಳ್ಯಾಗ ರೊಟ್ಟಿ ಬಡಿಯೋ ಕೆಲಸ ಸಿಕ್ಕದ. ನಾಕು ಮಂದಿ ಹೆಣ್ಮಕ್ಕಳು ಅದೀವಿ. ಉಳದ ಮೂವರು ಆರು, ಏಳು, ಒಂಬತ್ತು ವರ್ಷದಿಂದ ಇಲ್ಲೇ ಅದಾರ. ಹನ್ನೊಂದು ವರ್ಷ ಬಿಟ್ಟು ಹೋಗೋರನ್ನ ನೋಡಿ ನೋಡಿ ನನಗ ಇದ ಸೋಜಿಗ ಅನಿಸಿತು. ಯಾಕ ಬಿಟ್ಟು ಹೋಗಿಲ್ಲ ಅಂತ ಕೇಳಿದೆ. ಒಬ್ಬಾಕಿ ರೊಟ್ಟಿ ತಿರುವುತ್ತ, "ಯಾಕ ಹೋಗಬೇಕು" ಅಂತ ನನಗ ತಿರುಗಿ ಕೇಳಿದ್ಲು. ಅಕಿಗೆ ನನ್ನ ಪ್ರಶ್ನೆನ ತಿಳಿಲಿಲ್ಲ.

ಕಾರ್ಡಿನ ಮಾತು ತಗದೀರಿ. ಕೆಲಸಕ್ಕ ಸೇರೋವಾಗ ನೋಡಿ ಕೊಡ್ತೀನಿ ಅಂತ ಇಸಗೊಂಡ್ರಿ. ಹನ್ನೊಂದು ವರ್ಷ ನೋಡಾಕತ್ತೀರಿ. ಬಾಲಮ್ಮಂದೂ ನಿಮ್ಮ ಹತ್ರಾನ ಅದ. ತನ್ನ ಊರು ಬೋನಾಳದಾಗ ಆಕಿಗೆ ಮೈಯಾಗ ಆರಾಮ ಇಲ್ಲ. ದೊಡ್ಡ ದವಾಖಾನಿಗೆ ಹೋದ್ರ ಮೊದ್ಲು ಕಾರ್ಡು ಕೇಳ್ತಾರ. ನನ್ನವು ಕೊಡಾಕ ಮನಸಿಲ್ಲಂದ್ರ ಆಕಿದರ ಕಳಸ್ರಿ.

ಮತ್ತ ಮೊಮ್ಮಗನ ಜವಳ ಅಂತ ಬರದೀರಿ. ಬಾಲಮ್ಮಗ ಮೊಮ್ಮಗನ ಇಲ್ಲರಿ.

ಚಂದ್ರಕಲಾ


ಶಹಾಪುರ
೨೦ ಮಾರ್ಚ್ ೨೦೨೫

ಚಂದ್ರಕಲಾ,

ಕೊನಿ ತನಕ ಓದಿದೆ. ಎರಡು ಸಲ ಓದಿದೆ. ಧೈರ್ಯ ಛಲೋ ಬಂದದ ನಿನಗ.

ಬಾಲಮ್ಮ ಸುಳ್ಳು ಹೇಳಿ ಹೋಗ್ಯಾಳ ಅಂತ ಆತು. ಸುಳ್ಳು ಹೇಳಿದೋರ ಕಾರ್ಡು ನಾ ಯಾಕ ಮನಿಗೆ ಮುಟ್ಟಿಸಲಿ? ಕಾರ್ಡು ಕಪಾಟಿನಾಗ ಇದ್ದೂ ಇಷ್ಟು ಮಂದಿ ಹೋಗ್ಯಾರ. ಕೊಟ್ಟುಬಿಟ್ರ ಉಳದ ನಾಕು ಮಂದಿನೂ ನಾಳೆನ ಹೊಂಡ್ತಾರ. ಪಂಪಣ್ಣ ಇನ್ನೊಂದು ದಾರಿ ತೋರಿಸ್ಯಾನ. ಹೊಸದಾಗಿ ಬರೋರ ಕಡಿಂದ ಛಾಪಾ ಕಾಗದದ ಮ್ಯಾಲ, ಒಂದು ವರ್ಷ ಬಿಟ್ಟು ಹೋಗಂಗಿಲ್ಲ ಅಂತ ಬರಸ್ಕೊಳ್ಳೋದು. ಹೋದ ವಾರ ಮೂರು ಮಂದಿ ಹೆಬ್ಬಟ್ಟು ಒತ್ತಿದ್ರು. ಇಬ್ಬರು ಐದನೇ ದಿನಕ್ಕ ಬರಲಿಲ್ಲ. ಅವರ ಹೆಬ್ಬಟ್ಟು ನನ್ನ ಹತ್ರ ಉಳದದ, ಅವರು ಉಳದಿಲ್ಲ.

ಈಗ ನೇರ ಕೇಳ್ತೀನಿ. ಕಲ್ಯಾಣಮ್ಮ ಪಗಾರ ಏನು ಕೊಡ್ತಾಳ? ಆಕಿಗಿಂತ ಹೆಚ್ಚಿಗಿ ಕೊಡ್ತೀನಿ. ಹಬ್ಬಕ್ಕ ಇಳಕಲ್ ಸೀರಿ. ಮಧ್ಯಾಹ್ನದ ಊಟ ನನ್ನ ಮನಿ ಅಡಗಿ. ಇನ್ನೇನು ಬೇಕು ನಿಮಗ?

ನಾ ಕೆಟ್ಟ ಮಾಲಕಿ ಅಲ್ಲ. ಒಂದನೇ ತಾರೀಖು ಪಗಾರ ಎಂದೂ ತಪ್ಪಿಲ್ಲ. ಹದಿನೇಳನೇ ರೂಮಿನ ಗಿರಾಕಿ ನಿಮ್ಮೊಳಗ ಒಬ್ಬಾಕಿ ಕೈ ಹಿಡದಾಗ, ಚಪ್ಪಲಿ ತೋರಿಸಿ ಅವನನ್ನ ರಸ್ತೆಗೆ ಇಳಿಸಿದಾಕಿ ನಾನ. ಪೊಲೀಸ್ರು ಬ್ಯಾಡ, ಊರಾಗ ಹೆಸರು ಕೆಡ್ತದ ಅಂತ ಪಂಪಣ್ಣ ಅಂದ್ರೂ ಪೊಲೀಸರನ್ನ ಕರಸಿದೆ. ಅದು ನಿನಗ ನೆನಪಿರಬೇಕು. ನನ್ನ ಲಾಡ್ಜಿನಾಗ ಹೆಣ್ಮಕ್ಕಳ ಮರ್ಯಾದಿಗೆ ಯಾರೂ ಕೈ ಹಚ್ಚಿಲ್ಲ.

ನಿಯಮ ಕಟ್ಟುನಿಟ್ಟು ಅವ, ಖರೆ. ಅವು ನಮ್ಮ ಯಜಮಾನ್ರು ಮಾಡಿಟ್ಟು ಹೋದವು. ನಾ ಒಂದಕ್ಷರ ಕೂಡಿಸಿಲ್ಲ, ಒಂದಕ್ಷರ ಅಳಿಸಿಲ್ಲ.

ಕಸ್ತೂರಿ


ರಂಗಂಪೇಟೆ
೨೭ ಮಾರ್ಚ್ ೨೦೨೫

ಕಸ್ತೂರಿ ಅಕ್ಕಾರಿಗೆ,

ಕಲ್ಯಾಣಮ್ಮ ನಿಮಗಿಂತ ಕಡಿಮಿ ಕೊಡ್ತಾಳ್ರಿ. ಸೀರಿ ಗೀರಿ ಇಲ್ಲ. ಬೈಗುಳ ನಿಮಗಿಂತ ಹೆಚ್ಚು. ರೊಟ್ಟಿ ಸ್ವಲ್ಪ ದಪ್ಪ ಆದ್ರ, "ರೊಟ್ಟಿ ಬಡದಿಯೋ ಸೆಗಣಿ ಕುಳ್ಳು ತಟ್ಟಿದಿಯೋ" ಅಂತ ಉಣ್ಣಾಕ ಕುಂತವರ ಮುಂದನ ಅಂತಾಳ.

ಆದ್ರ ಹಿತ್ತಲದಾಗ ಒಂದು ಸಂಡಾಸ ಅದ. ತಗಡಿನ ಬಾಗಲ, ಒಳಗ ಚಿಲಕ. ಯಾವಾಗ ಬೇಕು ಆವಾಗ ಹೋಗ್ತೀವಿ. ಯಾರನ್ನೂ ಕೇಳಂಗಿಲ್ಲ.

ನೀವು ಈಗ ಕಾಗದ ಕೆಳಗ ಇಟ್ಟು ನಕ್ಕಿರಬಹುದು. ಮತ್ತ ಎತ್ತಿಕೊಂಡು ಓದ್ರಿ.

ನಿಮ್ಮ ಲಾಡ್ಜಿನಾಗ ಇಪ್ಪತ್ತೆರಡು ರೂಮಿಗೆ ಇಪ್ಪತ್ತೆರಡು ಬಾಥ್‌ರೂಮು. ದಿನಾ ಅಷ್ಟೂ ನಾವು ತಿಕ್ಕಿ ತೊಳೀತೀವಿ. ಒಂದರಾಗೂ ನಾವು ಹೋಗಂಗಿಲ್ಲ. ಗಂಡಸರು ಹಿಂದಿನ ಗ್ವಾಡಿ ಮರಿಗೆ ಹೋಗ್ತಾರ. ನಾವು ಬಸ್‌ಸ್ಟ್ಯಾಂಡಿಗೆ ನಡೀಬೇಕು. ಹೋಗಿ ಬರಾಕ ಇಪ್ಪತ್ತು ಮಿನಿಟು, ನೀವು ಕೊಡೋದು ಹತ್ತು. ಹಿಂಗಾಗಿ ನಾವು ನೀರು ಕುಡಿಯೋದನ್ನ ಬಿಟ್ವಿ. ಮೇ ತಿಂಗಳದಾಗ ಮ್ಯಾಲಿನ ಮಾಳಗಿ ಹೆಂಚಿನಂಗ ಕಾದಿರ್ತದ. ಒಂಬತ್ತರಿಂದ ಆರರ ತನಕ ಒಂದು ಗಿಲಾಸ ನೀರಿನ ಮ್ಯಾಲ ದುಡದೀವಿ. ಮುಟ್ಟಾದ ದಿನದ್ದು ಬರ್ಯಾಕ ನನಗ ಈಗೂ ನಾಚಿಕಿ ಬರ್ತದ, ನೀವೂ ಹೆಂಗಸು, ತಿಳಕೋರ್ರಿ.

ಹೋದವರು ಹೇಳಿದ ನೆಪ ಬ್ಯಾರೆ ಬ್ಯಾರೆ. ಕಾರಣ ಒಂದ. ಆ ಕಾರಣ ನಿಮ್ಮ ಮುಂದ ನಿಂತು ಹೇಳಾಕ ಯಾರಿಗೂ ಬಾಯಿ ಬರಲಿಲ್ಲ.

ಬಾಲಮ್ಮಗ ಐವತ್ತಾರು ವರ್ಷ, ಸಕ್ಕರಿ ಬ್ಯಾನಿ. ಸಂಕ್ರಾಂತಿ ಮುಂದ ಒಂದು ದಿನ ತಡಕೊಳ್ಳಾಕ ಆಗದ, ಹನ್ನೊಂದನೇ ರೂಮಿನ ಬಾಥ್‌ರೂಮಿಗೆ ಹೋದ್ಲು. ಯಾರೋ ನಿಮ್ಮ ಕಿವಿಗೆ ಹಾಕಿದ್ರು. ನೀವು ಬಂದು ಬಾಗಿಲ ಮುಂದ ನಿಂತ್ರಿ. ಆಕಿ ಹೊರಗ ಬಂದ ಕೂಡಲೆ, ಮೂರು ಮಂದಿ ಗಿರಾಕಿ ನೋಡಾಕತ್ತಾಗ, "ಒಳಗ ಏನು ಮಾಡಿ ಬಂದಿ, ಎಲ್ಲಾರಿಗೂ ಕೇಳಂಗ ಹೇಳು" ಅಂದ್ರಿ. ಬಾಲಮ್ಮ ಸೆರಗು ಬಾಯಿಗೆ ಹಿಡಕೊಂಡು ಮೆಟ್ಟಲ ಇಳದು ಹೋದ್ಲು. ಮರ್ಯಾದಿಗೆ ಯಾರೂ ಕೈ ಹಚ್ಚಿಲ್ಲ ಅಂತ ಬರದೀರಲ್ಲ, ಅದಕ್ಕ ಇದನ್ನ ಬರದೆ.

ಇನ್ನೊಂದು. ನಿಯಮ ಯಜಮಾನ್ರದು ಅಂದೀರಿ. ಚಾದರ ಇಡೋ ಕೋಣ್ಯಾಗ ರಟ್ಟು ತೂಗಬಿಟ್ಟದ. "ಕೆಲಸದವರು ಗಿರಾಕಿಗಳ ಬಾಥ್‌ರೂಮು ಬಳಸಬಾರದು, ಬಳಸಿದರೆ ಆ ದಿನದ ಹಾಜರಿ ಇಲ್ಲ." ಅದರಾಗಿನ 'ಳ' ಅಕ್ಷರದ ಬಾಲ ಕೆಳಗಿನ ಸಾಲಿಗೆ ಮುಟ್ಟತದ. ಹನ್ನೊಂದು ವರ್ಷ ದಿನಾ ನೋಡೀನಿ. ಈಗ ನಿಮ್ಮ ಎರಡು ಕಾಗದ ಮುಂದ ಇಟ್ಟುಕೊಂಡು ಕುಂತೀನಿ. ಅದ 'ಳ', ಅದ ಬಾಲ. ತೀರಿಹೋದವರ ಮ್ಯಾಲ ಹಾಕಬ್ಯಾಡ್ರಿ.

ಚಂದ್ರಕಲಾ


ಶಹಾಪುರ
೧ ಎಪ್ರಿಲ್ ೨೦೨೫

ಚಂದ್ರಕಲಾ,

ಬಾಲಮ್ಮ ಹನ್ನೊಂದನೇ ರೂಮಿನಾಗ ಅದಾಳ ಅಂತ ಓಡಿ ಬಂದು ನನಗ ಹೇಳಿದಾಕಿ ಯಾರು ಅನ್ನೋದು ಬಾಲಮ್ಮಗ ಗೊತ್ತದೇನು? ನಾ ಇನ್ನೂ ಯಾರಿಗೂ ಹೇಳಿಲ್ಲ. ಮುಂದಿನ ಕಾಗದ ಬರಿಯೋವಾಗ ಅದು ನೆನಪಿರಲಿ.

ಕಸ್ತೂರಿ


ರಂಗಂಪೇಟೆ
೧೦ ಮೇ ೨೦೨೫

ಕಸ್ತೂರಿ ಅಕ್ಕಾರಿಗೆ,

ನಲವತ್ತು ದಿನ ಆತು. ಚಂದ್ರಕಲಾ ಅಂಜಿ ಬಾಯಿ ಮುಚ್ಚಿಕೊಂಡ್ಲು ಅಂತ ತಿಳಕೊಂಡಿರಿ. ಅಂಜಿದ್ದು ಖರೆ. ನಿಮ್ಮ ನಾಕು ಸಾಲಿನ ಕಾಗದ ಹಿಟ್ಟಿನ ಡಬ್ಬಿ ಕೆಳಗ ಇಟ್ಟು ದಿನಾ ಅದರ ಮ್ಯಾಲಿಂದ ಹಿಟ್ಟು ತಗದು ರೊಟ್ಟಿ ಬಡದೆ.

ಎರಡು ಸಲ ಬೋನಾಳಕ್ಕ ಹೋದೆ. ಎರಡೂ ಸಲ ಕೆರಿ ಏರಿ ತನಕ ಹೋಗಿ ಹೊಳ್ಳಿ ಬಂದೆ. ಮೂರನೇ ಸಲ, ಹೋದ ಐತವಾರ, ಬಾಲಮ್ಮನ ಮನಿ ಒಳಗ ಕಾಲಿಟ್ಟೆ. ಆಕಿ ಹೊರಸಿನ ಮ್ಯಾಲ ಮಲಗಿದ್ಲು. ಕೂಡು ಅನಲಿಲ್ಲ. ನಾ ನಿಂತಕೊಂಡ ಹೇಳಿದೆ, "ಬಾಲಕ್ಕಾ, ಆವತ್ತು ಅಕ್ಕಾರಿಗೆ ಹೇಳಿದಾಕಿ ನಾನ."

"ಗೊತ್ತದ" ಅಂದ್ಲು. "ಆವತ್ತು ಮ್ಯಾಲಿನ ಮಾಳಗ್ಯಾಗ ನಾನೂ ನೀನೂ ಇಬ್ಬರ ಇದ್ವಿ. ಮತ್ತ ಯಾರು ಹೇಳ್ತಾರ?"

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ನೀನ ಬಂದು ಹೇಳ್ತಿ ಏನು ಅಂತ ನೋಡಾಕತ್ತಿದ್ದೆ."

ಮಾಫ್ ಮಾಡ್ದೆ ಅಂತ ಆಕಿ ಅನಲಿಲ್ಲ. ನಾನೂ ಕೇಳಲಿಲ್ಲ. ಹೊಂಡೋವಾಗ ಒಂದು ಗಿಲಾಸ ನೀರು ಕೊಟ್ಲು, ಕುಡದೆ.

ಹಿಂಗಾಗಿ ನನ್ನ ಹೆದರಸಾಕ ನಿಮ್ಮ ಹತ್ರ ಇನ್ನ ಏನೂ ಉಳದಿಲ್ಲ. ಈಗ ನನ್ನ ಮಾತು ಕೇಳ್ರಿ. ತಡಕೊಂಡು ತಡಕೊಂಡು ಬಾಲಮ್ಮಗ ಮೂತ್ರದ ನಂಜು ಏರಿ ಮೂತ್ರಪಿಂಡಕ್ಕ ಮುಟ್ಟ್ಯದ ಅಂತ ಸುರಪುರದ ಡಾಕ್ಟರು ಹೇಳ್ಯಾರ. ಕಲಬುರಗಿಗೆ ಕರಕೊಂಡು ಹೋಗ್ರಿ ಅಂದಾರ. ಅಲ್ಲಿ ಕಾರ್ಡು ಬೇಕು. ಇನ್ನೊಬ್ಬರ ಕಾರ್ಡು ಹಿಡದು ಇಟ್ಟುಕೊಳ್ಳೋದು ಗುನ್ಹೆ ಅಂತ ಸುರಪುರದ ಒಬ್ಬ ವಕೀಲರು ನನಗ ಬಿಡಿಸಿ ಹೇಳ್ಯಾರ.

ಸೋಮವಾರ ಹತ್ತೊಂಬತ್ತನೇ ತಾರೀಖು ಮುಂಜಾನೆ ಹತ್ತಕ್ಕ ನಾವು ಕೆಲಸ ಬಿಟ್ಟು ಬಂದ ಏಳು ಮಂದಿ ಹೊಂಗಿರಣ ಲಾಡ್ಜಿನ ಮೆಟ್ಟಲ ಮ್ಯಾಲ ಬಂದು ಕೂಡ್ತೀವಿ. ಕೂಗಂಗಿಲ್ಲ, ಬೈಯಂಗಿಲ್ಲ. ಕಾರ್ಡು ಕೈಗೆ ಬರೋ ತನಕ ಏಳಂಗಿಲ್ಲ. ಯಾಕ ಕುಂತೀರವ್ವ ಅಂತ ಯಾರರ ಕೇಳಿದ್ರ ಇದ್ದದ್ದು ಇದ್ದಂಗ ಹೇಳ್ತೀವಿ. ನಾಚಿಕಿ ಇಷ್ಟು ದಿನ ನಾವು ಪಟ್ಟೀವಿ. ಸಾಕಾಗ್ಯದ.

ಚಂದ್ರಕಲಾ


ರಂಗಂಪೇಟೆ
೨೧ ಮೇ ೨೦೨೫

ಕಸ್ತೂರಿ ಅಕ್ಕಾರಿಗೆ,

ಕಾರ್ಡು ಮುಟ್ಟಿದವು. ಅದನ್ನ ಬರದು ತಿಳಸೋದು ನನ್ನ ಧರ್ಮ.

ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದ್ವಿ. ಬಿಸಲಿಗೆ ಮೆಟ್ಟಲ ಸುಡಾಕತ್ತಿದ್ದವು, ಗೋಣಿತಟ್ಟು ಹಾಸಿಕೊಂಡು ಕುಂತ್ವಿ. ಬಾಲಮ್ಮನ್ನ ಬ್ಯಾಡ ಅಂದ್ರೂ ಟಂಟಂ ಹತ್ತಿ ಬಂದ್ಲು. ಎದುರಿನ ಚಾದಂಗಡಿಯಾಂವ ಕೇಳಿದ, ಹೇಳಿದ್ವಿ. ಅವ ತಲಿ ತಗ್ಗಿಸಿ ಎಂಟು ಕಪ್ಪು ಚಾ ತಂದಿಟ್ಟ. ಪಂಪಣ್ಣ ಧಣಿ ಬಾಗಿಲಾಗ ನಿಂತು ಪೊಲೀಸರನ್ನ ಕರೀತೀನಿ ಅಂದ್ರು. ಕರೀರಿ, ನಮಗೂ ಅವರ ಜೋಡಿ ಮಾತದ ಅಂದೆ. ಆಮ್ಯಾಲ ಅವರು ಹೊರಗ ಬರಲಿಲ್ಲ.

ಒಂದೂವರಿ ಸುಮಾರಿಗೆ ಗಯಾಸ ಭಾಯಿ ಹಳದಿ ಲಕೋಟಿ ತಂದು ಕೊಟ್ಟ. ಬಂದ ಎಂಟು ಮಂದಿದು ಅಷ್ಟ ಅಲ್ಲ, ಬಿಟ್ಟು ಹೋದ ಎಲ್ಲಾರ ಕಾರ್ಡೂ ಇದ್ದವು. ಅದು ನಿಮ್ಮ ಕಡಿಂದ ಆದದ್ದು ಅಂತ ತಿಳಕೊಂಡೀನಿ.

ಆದ್ರ ನೀವು ಇಳದು ಬರಲಿಲ್ಲ. ಮ್ಯಾಲಿನ ಕಿಟಕಿ ಪರದೆ ಅಳ್ಳಾಡಿದ್ದು ನಾ ನೋಡೀನಿ. ಎಂಟು ಮಂದಿ ಕೆಲಸದವರ ಮುಂದ ನಿಂದರಾಕ ನಿಮ್ಮ ದೊಡ್ಡಸ್ತನ ಅಡ್ಡ ಬಂತು. ಬಾಲಮ್ಮ ಹೊಳ್ಳಿ ಬರೋವಾಗ ಒಂದ ಮಾತು ಅಂದ್ಲು, "ಕಾರ್ಡು ಸಿಕ್ತು. ಆಕಿ ಜೋಡಿ ಒಂದು ಮಾತಿತ್ತು, ಅದು ಉಳೀತು."

ಇವತ್ತು ಆಕಿನ್ನ ಕಲಬುರಗಿಗೆ ಕಳಸೀವಿ. ನನ್ನ ನಿಮ್ಮ ನಡುವ ಬರಿಯೋವಂಥಾದ್ದು ಇನ್ನೇನೂ ಇಲ್ಲ.

ಚಂದ್ರಕಲಾ


ಶಹಾಪುರ
೩೦ ಮೇ ೨೦೨೫

ಚಂದ್ರಕಲಾ,

ನಿನಗಿಲ್ಲದಿದ್ರೂ ನನಗ ಬರಿಯೋದದ. ಕೊನಿ ತನಕ ಓದು, ನಾನೂ ನಿನ್ನವು ಓದೀನಿ.

ಅವತ್ತು ನಾ ಇಳದು ಬರದದ್ದು ದೊಡ್ಡಸ್ತನಕ್ಕ ಅಲ್ಲ. ಎದ್ದು ನಿಂದರಾಕ ನನ್ನ ಕಡಿಂದ ಆಗಿರಲಿಲ್ಲ.

ಮೇ ಹದಿನೈದಕ್ಕ ಊರಾಗ ಎರಡು ದೊಡ್ಡ ಮದಿವಿ. ಇಪ್ಪತ್ತೆರಡೂ ರೂಮು ಮೂರು ದಿನದ ಮಟ್ಟಿಗೆ ತುಂಬಿದ್ದವು. ಹದಿನಾಲ್ಕರ ಸಂಜಿಗೆ ಉಳದ ನಾಕು ಮಂದಿ ಹೆಣ್ಮಕ್ಕಳೂ ಹೋಗಿಬಿಟ್ರು. ಬೀಗರಿಗೆ ಬ್ಯಾರೆ ಕಡಿ ನೋಡಿಕೊಳ್ರಿ ಅಂತ ಹೇಳಿಬಿಡ್ರಿ, ವೈನಿ, ಅಂದ ಪಂಪಣ್ಣ. ಅವನ ದನಿಯಾಗ ಖುಷಿ ಇತ್ತು. ನಾ ಸೆರಗು ಸಿಗಿಸಿ ಕಸಬರಿಗಿ ಹಿಡದೆ. ಐವತ್ತೈದು ವರ್ಷಕ್ಕ ಮೊದಲನೇ ಸಲ ನನ್ನ ಲಾಡ್ಜು ನಾನ ಗುಡಿಸಿದೆ.

ನೀರು ಕುಡೀಬಾರದು ಅನ್ನೋದು ನನಗ ಗೊತ್ತಿರಲಿಲ್ಲ. ಬಿಸಲಿಗೆ ಎರಡು ಚೊಂಬು ಕುಡದೆ. ಹತ್ತೊಂಬತ್ತನೇ ರೂಮು ತೊಳಿಯೋ ಹೊತ್ತಿಗೆ ತಡಕೊಳ್ಳಾಕ ಆಗಲಿಲ್ಲ. ಮ್ಯಾಲ ನನ್ನ ಮನಿಗೆ ಹೋಗೋ ಮೆಟ್ಟಲ ತುಂಬ ಬೀಗರು, ಪೆಟಿಗಿ, ಗಂಟು. ಅಲ್ಲೇ ಬಾಥ್‌ರೂಮಿಗೆ ಹೋಗಿ ಚಿಲಕ ಹಾಕಿದೆ. ಅಷ್ಟರಾಗ ರೂಮಿನಾಂವ ಬಂದ. ಬಾಗಿಲ ಬಡಿಯಾಕತ್ತಿದ. "ಒಳಗ ಯಾರು? ಕೆಲಸದಾಕಿ ಏನು? ನಮ್ಮ ಬಾಥ್‌ರೂಮಿನಾಗ ಏನು ಮಾಡಾಕತ್ತಿ ನೀ?"

ನಾ ಮಾಲಕಿ ಅಂತ ಕೂಗಬಹುದಿತ್ತು. ಕೂಗಲಿಲ್ಲ, ಚಂದ್ರಕಲಾ. ಗ್ವಾಡಿ ಹಿಡಕೊಂಡು ನಿಂತೆ. ಅವ ಬಡಿಯೋದು ಬಿಡಲಿಲ್ಲ. ಹೊರಗ ಹೋದ್ರ ಎಷ್ಟು ಮಂದಿ ನಿಂತಿರ್ತಾರೋ ಅಂತ ಎಣಿಸಾಕತ್ತೆ. ಗಯಾಸ ಓಡಿ ಬಂದು, "ಅವರು ನಮ್ಮ ಅಕ್ಕಾರ್ರಿ" ಅಂದ. ನಾ ಬಾಗಿಲ ತಗದಾಗ ಆ ಮನಶಾ ಎರಡೂ ಕೈ ಮುಗದು, ತಪ್ಪಾತ್ರಿ ಅಂದ. ಅವ ಕೈ ಮುಗದದ್ದ ನನಗ ಹೆಚ್ಚು ಸುಟ್ಟಿತು. ಬಾಲಮ್ಮ ಹೊರಗ ಬಂದಾಗ ಯಾರೂ ಕೈ ಮುಗದಿರಲಿಲ್ಲ. ಬಾಗಿಲ ಮುಂದ ನಾ ನಿಂತಿದ್ದೆ.

ಆಮ್ಯಾಲಿನ ಎರಡು ದಿನ ನಾನೂ ನೀರು ಕುಡಿಲಿಲ್ಲ. ಐತವಾರ ಉರಿ, ಚಳಿಜ್ವರ. ಸೋಮವಾರ ನೀವು ಮೆಟ್ಟಲ ಮ್ಯಾಲ ಕುಂತಾಗ ನಾ ಕಿಟಕಿ ಸರಳು ಹಿಡದು ನಿಂತು ನೋಡಿ ಮತ್ತ ಹಾಸಿಗಿಗೆ ಬಿದ್ದೆ. ಪರದೆ ಅಳ್ಳಾಡಿದ್ದು ಅದಕ್ಕ. ಕಾರ್ಡು ಕೊಡಬ್ಯಾಡ್ರಿ ಅಂತ ಪಂಪಣ್ಣ ಕಪಾಟಿಗೆ ಅಡ್ಡ ನಿಂತಿದ್ದ. ಇದು ನನ್ನ ಕಪಾಟು, ಅತ್ತಾಗ ಸರಿ ಅಂದೆ.

ರಟ್ಟು ನಾನ ಬರದದ್ದು. ಒಬ್ಬ ಗಿರಾಕಿ ತಕರಾರು ಮಾಡಿದ ಅಂತ ಬರದೆ. ಯಜಮಾನ್ರು ಆವತ್ತ ಬ್ಯಾಡ ಅಂದಿದ್ರು, ನಾನ ಹಟ ಹಿಡದೆ. ಬ್ಯಾಡ ಅಂದವರ ಮ್ಯಾಲ ತಪ್ಪು ಹಾಕಿದೆ. ಎಪ್ರಿಲ್ ಒಂದರ ಕಾಗದನೂ ನಾ ಬರೀಬಾರದಿತ್ತು.

ನಾ ಸೋತು ಬರ್ಯಾಕತ್ತೇನಿ ಅಂತ ತಿಳಕೋಬ್ಯಾಡ. ರಟ್ಟು ತಗದೀನಿ. ಹೆಬ್ಬಟ್ಟಿನ ಕಾಗದ ನೀರೊಲಿಗೆ ಹಾಕೀನಿ. ಮೂರನೇ ನಂಬರಿನ ರೂಮು ಬಾಡಿಗಿಗೆ ಕೊಡೋದು ಬಿಟ್ಟೀನಿ, ಅದು ಕೆಲಸ ಮಾಡೋ ಹೆಣ್ಮಕ್ಕಳದು. ಮಂಚ, ಫ್ಯಾನು, ಬಾಥ್‌ರೂಮು ಎಲ್ಲಾ. ರೂಮು ದಂಡ ಆತು ಅಂತ ಪಂಪಣ್ಣ ಊರ ತುಂಬ ಹೇಳಿಕೊಂಡು ತಿರಗಾಕತ್ತಾನ. ತಿರಗಲಿ. ಮಾರೋದು ನನ್ನ ಹೆಣದ ಮ್ಯಾಲ ಅಂತ ಹೇಳೀನಿ.

ನೀ ಬಾ. ಗುಡಿಸಾಕಲ್ಲ, ಎಲ್ಲಾ ನೋಡಿಕೊಳ್ಳಾಕ. ಕೀಲಿ ನಿನ್ನವು.

ಕಸ್ತೂರಿ


ರಂಗಂಪೇಟೆ
೧೩ ಜೂನ್ ೨೦೨೫

ಕಸ್ತೂರಿ ಅಕ್ಕಾರಿಗೆ,

ನಾ ತಪ್ಪು ತಿಳಕೊಂಡಿದ್ದೆ. ದೊಡ್ಡಸ್ತನ ಅಂತ ಬರದದ್ದು ವಾಪಸ್ ತಗೋತೀನಿ. ಉಳದದ್ದು ಒಂದೂ ವಾಪಸ್ ತಗೊಳ್ಳಂಗಿಲ್ಲ.

ಮೂರನೇ ರೂಮು ಕೊಟ್ಟದ್ದಕ್ಕ ನಿಮ್ಮನ್ನ ಹೊಗಳ್ತೀನಿ ಅಂತ ಕಾಯಬ್ಯಾಡ್ರಿ. ಲಾಡ್ಜ್ ಕಟ್ಟಿದ ದಿನಾನ ಆಗಬೇಕಿತ್ತು ಅದು.

ನಾ ಬರಂಗಿಲ್ಲ. ಯಾಕ ಅನ್ನೋದು ಈಗ ಹೇಳ್ತೀನಿ, ಇದನ್ನ ನನ್ನ ತಂಗಿಗೂ ಹೇಳಿಲ್ಲ. ಬಾಲಮ್ಮ ಒಳಗ ಹೋದದ್ದು ನೋಡಿ ನಾ ಗಳಿಗಿ ಹೊತ್ತು ನಿಂತೆ. ಸುಮ್ಮನಿದ್ರ ಆಗಿತ್ತು. ಆದ್ರ ಬ್ಯಾರೆ ಯಾರರ ನೋಡಿ ಹೇಳಿದ್ರ ನೀವು ನನ್ನಿಂದ ಕೀಲಿ ಕಸಗೋತೀರಿ ಅಂತ ಓಡಿದೆ. ನೀವು ಶಾಭಾಸ್ ಅಂದ್ರಿ. ಆ ಶಾಭಾಸ್ ಕಟ್ಟಿಕೊಂಡು ಮನಿಗೆ ಹೋದೆ, ಹೊಟ್ಟಿ ತುಂಬ ಉಂಡೆ, ನಿದ್ದಿನೂ ಬಂತು. ಬಾಲಮ್ಮ ಮರುದಿನ ಬರಲಿಲ್ಲ. ಆಗೂ ನಾ ಬಿಡಲಿಲ್ಲ. ಎರಡು ತಿಂಗಳ ಕೀಲಿ ಗಿಲಗಿಲ ಅನಿಸಿಕೊಂಡು ತಿರುಗಿದೆ.

ಮಾರ್ಚ್ ಮೂರಕ್ಕ, ಕೆಲಸಕ್ಕ ಹೊಸದಾಗಿ ಸೇರಿದ್ದ ಸವಿತಾ ನನ್ನ ಮುಂದ ಬಂದು ನಿಂತ್ಲು. "ಅಕ್ಕಾ, ಒಂದಕ್ಕ ಹೋಗಿ ಬರಲೇನು?" ಅಂದ್ಲು. ನಾ ಮೊದ್ಲು ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದೆ. ಆಮ್ಯಾಲ ಆಕಿ ಮಕ ನೋಡಿದೆ. ಮೊದ್ಲು ಗಡಿಯಾರ ನೋಡಿದ್ದು ನನಗ ಗೊತ್ತಾತು. ಅವತ್ತ ಕೀಲಿ ಬಿಚ್ಚಿ ಇಟ್ಟು ಬಂದೆ.

ನೀವು ಬದಲಾಗೀರಿ, ನಂಬತೀನಿ. ಆ ಕೀಲಿ ಹಿಡದ್ರ ನಾ ಬದಲಾಗ್ತೀನಿ ಅನ್ನೋದು ನನಗ ನಂಬಿಕಿ ಇಲ್ಲ. ಇಲ್ಲಿ ನನ್ನ ಕೈಯಾಗ ಹಿಟ್ಟು ಬಿಟ್ರ ಏನೂ ಇಲ್ಲ. ಹಿಂಗ ಇರ್ತೀನಿ.

ಬಾಲಮ್ಮ ಕಲಬುರಗಿಯಿಂದ ಬಂದಾಳ. ಗುಳಿಗಿ ನಡದಾವ, ಎದ್ದು ಅಡ್ಡಾಡಾಕತ್ತಾಳ. ನಿಮ್ಮ ಕಾಗದ ಆಕಿಗೆ ಓದಿ ಹೇಳಿದೆ. ಹೋಗು ಅಂತ ನಾ ಅನಲಿಲ್ಲ, ಬ್ಯಾಡ ಅಂತನೂ ಅನಲಿಲ್ಲ. ಆ ಹಕ್ಕು ನನಗಿಲ್ಲ. ಪೂರಾ ಕೇಳಿಸಿಕೊಂಡು ಆಕಿ ಒಂದ ಕೇಳಿದ್ಲು, "ಮೂರನೇ ರೂಮಿನ ಬಾಥ್‌ರೂಮಿಗೆ ಒಳಗಿನ ಚಿಲಕ ಬರೋಬ್ಬರಿ ಕೂಡ್ತದೇನು?" ನನಗ ಗೊತ್ತಿಲ್ಲ ಅಂದೆ.

ಚಂದ್ರಕಲಾ


ಶಹಾಪುರ
೮ ಜುಲೈ ೨೦೨೫

ಚಂದ್ರಕಲಾ,

ಚಿಲಕ ಕೂಡತಿರಲಿಲ್ಲ. ನಿನ್ನ ಕಾಗದ ಓದಿ ಕೆಳಗ ಇಳದು ಹಾಕಿ ನೋಡಿದೆ, ಅರ್ಧಕ್ಕ ಹಿಡಕೊಂಡಿತ್ತು. ಬಡಿಗ್ಯಾನ್ನ ಕರಸಿ ಬ್ಯಾರೆ ಹಾಕಿಸಿದೆ. ನೀ ಬರಂಗಿಲ್ಲ ಅಂದದ್ದು ತಿಳೀತು. ಇನ್ನ ಕರಿಯಂಗಿಲ್ಲ. ಸಿಟ್ಟು ಬಂತು, ಅದನ್ನ ಮುಚ್ಚಿಡಂಗಿಲ್ಲ. ಆದ್ರ ನೀ ಹೇಳಿದ್ದು ಖರೆ ಅದ.

ಹದಿನೈದು ದಿನ ಯಾರೂ ಬರಲಿಲ್ಲ. ನಾನೂ ಗಯಾಸನೂ ಆರು ರೂಮು ಅಷ್ಟ ನಡಸಿದ್ವಿ. ಹೋದ ಮಂಗಳವಾರ, ಒಂದನೇ ತಾರೀಖು, ಒಂಬತ್ತಕ್ಕ ಬಾಲಮ್ಮ ಬಂದ್ಲು. ನಮಸ್ಕಾರ ಇಲ್ಲ, ಏನಿಲ್ಲ. "ಯಾವ ಕಡಿ?" ಅಂದ್ಲು. ಕೈ ತೋರಿಸಿದೆ. ಮೂರನೇ ರೂಮಿನಾಗ ಹೋದ್ಲು, ಚಿಲಕ ಹಾಕಿದ ಸಪ್ಪಳ ಬಂತು. ಗಯಾಸ ಸುಮ್ಮನ ಗಡಿಯಾರ ನೋಡಿದ, ಅಷ್ಟು ವರ್ಷದ ರೂಢಿ. ಮಕ ಆಕಡಿ ತಿರುಗಿಸು ಅಂದೆ.

ಭಾಳ ಹೊತ್ತಾದ ಮ್ಯಾಲ ಹೊರಗ ಬಂದ್ಲು. ಕೌಂಟರಿನ ಮುಂದ ರಾಯಚೂರಿನ ಇಬ್ಬರು ಹತ್ತಿ ವ್ಯಾಪಾರಿಗಳು ನಿಂತಿದ್ರು, ಪಂಪಣ್ಣನೂ ಇದ್ದ. ಬಾಲಮ್ಮ ನಡುವ ಬಂದು ನನ್ನ ಎದುರಿಗೆ ನಿಂತ್ಲು. ಸೆರಗು ಬಾಯಿಗೆ ಹಿಡೀಲಿಲ್ಲ. "ಅಕ್ಕಾರ, ಒಳಗ ಏನು ಮಾಡಿ ಬಂದಿ ಅಂತ ಆವತ್ತು ಕೇಳಿದ್ರಿ. ಇವತ್ತು ಹೇಳ್ತೀನಿ. ಒಂದಕ್ಕ ಹೋಗಿ ಬಂದೆ" ಅಂದ್ಲು.

ವ್ಯಾಪಾರಿಗಳು ಒಬ್ಬರ ಮಕ ಒಬ್ಬರು ನೋಡಿದ್ರು. ಪಂಪಣ್ಣ ಥೂ ಅಂದ. ನಾ ತಲಿ ತಗ್ಗಸಬೇಕು ಅನ್ಕೊಂಡೆ, ತಗ್ಗಸಲಿಲ್ಲ. ಆಕಿ ನನ್ನ ಕಣ್ಣಾಗ ನೋಡಿ ಹೇಳಾಕತ್ತಿದ್ಲು, ಹಂಗ ಕೇಳಬೇಕಿತ್ತು. "ತಪ್ಪು ನಂದು, ಬಾಲಮ್ಮ" ಅಂತ ಅವರೆಲ್ಲಾರ ಎದುರಿಗೆ ಅಂದೆ.

"ಕಾರ್ಡು ಕೊಡಂಗಿಲ್ಲ" ಅಂದ್ಲು. "ಕಾಗದಕ್ಕ ಹೆಬ್ಬಟ್ಟು ಒತ್ತಂಗಿಲ್ಲ. ಇವತ್ತು ಮಾಡ್ತೀನಿ. ನಾಳೆ ಬರೋದು ಬಿಡೋದು ನಾಳೆ ನೋಡ್ತೀನಿ."

"ಹಿಂಗ ಬಿಟ್ರ ಒಬ್ಬಾಕಿನೂ ನಿಲ್ಲಂಗಿಲ್ಲ" ಅಂದ ಪಂಪಣ್ಣ.

"ನಿಲ್ಲದಿದ್ರ ನಾ ಗುಡಿಸ್ತೀನಿ. ನಿನ್ನ ಕೈಗೆ ಕಸಬರಿಗಿ ಕೊಟ್ಟಿಲ್ಲಲ್ಲ" ಅಂದೆ.

ಮರುದಿನ ಒಂಬತ್ತಕ್ಕ ನಾ ಬಾಗಿಲಾಗ ನಿಂತೆ. ಸುರಪುರದ ಬಸ್ಸು ಬಂದು ಹೋತು, ಆಕಿ ಇಳಿಲಿಲ್ಲ. ಒಂಬತ್ತೂವರಿ ಆತು. ಗಯಾಸ ಕುರ್ಚಿ ತಂದು ಕೊಟ್ಟ, ಕೂಡಲಿಲ್ಲ. ಆಮ್ಯಾಲಿನ ಟಂಟಂದಾಗ ಬಂದ್ಲು, ಜೋಡಿ ಸವಿತಾನ್ನ ಕರಕೊಂಡು. "ಬಸ್ಸು ತಪ್ಪಿತು" ಅಂದ್ಲು, ಅಷ್ಟ. ಸವಿತಾ ಮೊದ್ಲು ಮೂರನೇ ರೂಮು ನೋಡಿ ಬಂದು ಆಮ್ಯಾಲ ಸೀರಿ ಎತ್ತಿ ಕಟ್ಟಿದ್ಲು.

ಇವತ್ತಿಗೆ ಎಂಟು ದಿನ. ದಿನಾ ಮುಂಜಾನೆ ಬಾಗಿಲಾಗ ನಿಂದರ್ತೀನಿ. ಬರ್ತಾರೋ ಇಲ್ಲೋ ಗೊತ್ತಿರಂಗಿಲ್ಲ, ಕೇಳಾಕ ನನಗ ಬಾಯಿಲ್ಲ. ಇವತ್ತಂತೂ ಬಂದಾರ. ಮ್ಯಾಲ ಬಾಲ್ದಿ ಸಪ್ಪಳ ಕೇಳಾಕತ್ತದ.

ಕಸ್ತೂರಿ